ಒಳಗೆ ಬಿಟ್ಟ ಬಟ್ಟೆ

ಕಟಿಂಗ್ ಮಾಸ್ಟ್ರ ಅಂಗಿ ಒಂದು ಸಲ ಮೈಗೆ ಕೂತರೆ ಅಷ್ಟು ಸುಲಭಕ್ಕೆ ಬಿಟ್ಟು ಹೋಗುತ್ತಿರಲಿಲ್ಲ. ಗಿರಾಕಿಗೆ ಹೊಟ್ಟೆ ಬಂದು ಗುಂಡಿ ಕಿತ್ತು ಹೋಗುವ ಹಾಗಾದರೂ ಹೊಸದು ಹೊಲಿಸಬೇಕಾಗಿರಲಿಲ್ಲ. ಹಳೆಯದನ್ನೇ ತಂದು ಮೇಜಿನ ಮೇಲೆ ಹಾಕಿದರೆ ಸಾಕು, ಮಾಸ್ಟ್ರು ಅದನ್ನು ಒಳಮಗ್ಗುಲಿಗೆ ತಿರುವಿ, ಹೊಲಿಗೆಯ ಪಕ್ಕದಲ್ಲಿ ಮಡಚಿಟ್ಟಿದ್ದ ಬಟ್ಟೆಯನ್ನು ಬೆರಳಲ್ಲಿ ತಟ್ಟಿ ತೋರಿಸುತ್ತಿದ್ದರು. "ಒಳಗೆ ಬಟ್ಟೆ ಬಿಟ್ಟಿದೀನಿ ಸ್ವಾಮಿ, ಬಿಚ್ಚಿ ಕೊಡ್ತೀನಿ. ನೀವು ಧಾರಾಳವಾಗಿ ಊಟ ಮಾಡಿ." ಬೇರೆ ಟೈಲರುಗಳು ಹೊಲಿಗೆಯ ಅಂಚಿಗೇ ಕತ್ತರಿ ಹಾಕಿ ಬಟ್ಟೆ ಉಳಿಸಿಕೊಳ್ಳುತ್ತಿದ್ದ ಕಾಲ ಅದು. ಇವರದು ದೊಡ್ಡ ಕೈ. ಅಂಗಡಿಯ ಮಾಲೀಕರು ಗೊಣಗಿದರೆ, "ನಾಳೆ ಅನ್ನೋದೊಂದು ಇರತ್ತಲ್ಲ ಯಜಮಾನ್ರೇ, ಅದಕ್ಕೂ ಒಂದಿಷ್ಟು ಬಟ್ಟೆ ಬೇಕು" ಅನ್ನುತ್ತಿದ್ದರು. ಮಾಲೀಕರು ನಕ್ಕುಬಿಡುತ್ತಿದ್ದರು.

ಮಾಸ್ಟ್ರ ಹೆಂಡತಿಗೆ ಬೀದಿಯವರೆಲ್ಲ ಕಾಜಕ್ಕ ಅಂತಲೇ ಹೇಳುತ್ತಿದ್ದರು. ಅಂಗಿಯಲ್ಲಿ ಗುಂಡಿ ತೂರಿಸುವ ತೂತಿಗೆ ದರ್ಜಿಗಳು ಕಾಜಾ ಅನ್ನುತ್ತಾರೆ. ಅಂಗಡಿಯ ಅಂಗಿಗಳಿಗೆಲ್ಲ ಕಾಜಾ ಹಾಕುವ ಕೆಲಸ ಅವರದು. ಕಿಟಕಿಯ ಪಕ್ಕ ಕಾಲು ಚಾಚಿ ಕೂತು, ಮಡಿಲ ತುಂಬ ಅಂಗಿ ಹರವಿಕೊಂಡು, ಬೀದಿಯಲ್ಲಿ ಹೋಗೋರ ಬರೋರ ಜೊತೆ ಹರಟುತ್ತಲೇ ಸೂಜಿ ಆಡಿಸುತ್ತಿದ್ದರು. ಗಂಡ ಕತ್ತರಿಸಿದ್ದಕ್ಕೆ ಹೆಂಡತಿ ಕಾಜಾ ಹಾಕಬೇಕು, ಹಾಗಿತ್ತು ಆ ಸಂಸಾರ. ಮಕ್ಕಳಾಗಲಿಲ್ಲ. ಅದರ ಬಗ್ಗೆ ಯಾರಾದರೂ ಕೆದಕಿದರೆ ಕಾಜಕ್ಕ, "ಊರೋರ ಮಕ್ಕಳ ಅಂಗಿಗೆಲ್ಲ ಗುಂಡಿ ಹಾಕಿದೀನಲ್ಲ, ಇನ್ನೆಷ್ಟು ಮಕ್ಕಳು ಬೇಕು" ಅಂದು ಬಾಯಿ ಮುಚ್ಚಿಸುತ್ತಿದ್ದರು.

ಹಳೇ ಮಾಲೀಕರು ತೀರಿಕೊಂಡರು, ಅಂಗಡಿಗೆ ಮಗ ಬಂದ. ಗಾಜಿನ ಬಾಗಿಲು ಬಂತು, ಕಣ್ಣು ಕುಕ್ಕುವ ದೀಪ ಬಂತು, ಮಾಸ್ಟ್ರ ಮೇಜು ಮುಂದಿನಿಂದ ಹಿಂದಕ್ಕೆ ಹೋಯಿತು. ಆಮೇಲೆ ಒಂದು ಮಧ್ಯಾಹ್ನ ಆ ಹುಡುಗ ಮಾಸ್ಟ್ರನ್ನು ಒಳಗೆ ಕರೆದು ಕೂರಿಸಿ, "ಮಾಸ್ಟ್ರೇ, ಬೇಜಾರು ಮಾಡ್ಕೋಬೇಡಿ" ಅಂತ ಶುರು ಮಾಡಿದ. ಬೇಜಾರು ಮಾಡ್ಕೋಬೇಡಿ ಅಂತ ಶುರುವಾದ ಮಾತು ಯಾವತ್ತಾದರೂ ಒಳ್ಳೆಯದರಲ್ಲಿ ಮುಗಿದದ್ದುಂಟೇ? "ನಿಮಗೂ ವಯಸ್ಸಾಯ್ತಲ್ಲ. ಬರೋ ಗಿರಾಕಿಗಳೆಲ್ಲ ಚಿಕ್ಕವರು. ನಿಮ್ಮನ್ನ ನೋಡಿದ್ರೆ ಹಳೇ ಫ್ಯಾಷನ್ ಅಂದ್ಕೋತಾರೆ."

ಮಾಸ್ಟ್ರು ತಮ್ಮ ಕೈಯನ್ನು ನೋಡಿಕೊಂಡರು. ಅದು ನಡುಗುತ್ತಿರಲಿಲ್ಲ. ಎದ್ದು ಹೋಗಿ, ಅರ್ಧಕ್ಕೆ ಬಿಟ್ಟಿದ್ದ ಅಂಗಿಯನ್ನು ಕತ್ತರಿಸಿ ಮುಗಿಸಿದರು.

ಕೊನೇ ದಿನ ಎಲ್ಲರೂ ಸೇರಿ ಫೋಟೋ ತೆಗೆಸಿಕೊಂಡರು. ಆ ಫೋಟೋ ಅಂಗಡಿಯ ಆನ್‌ಲೈನ್ ಪೇಜಿನಲ್ಲಿ ಬಂದಾಗ ನೋಡಿದರೆ ಮಾಸ್ಟ್ರ ಭುಜ ಮಾತ್ರ ಇತ್ತು. ಮುಖವನ್ನು ಕತ್ತರಿಸಿ ಹಾಕಿದ್ದರು. ಮಾಸ್ಟ್ರು ಬೇರೆ ಅಂಗಡಿಗಳಿಗೂ ಹೋಗಿ ಕೆಲಸ ಕೇಳಿದರು. ಒಬ್ಬ ಕಾಫಿ ತರಿಸಿಕೊಟ್ಟು ಕಳಿಸಿದ, ಇನ್ನೊಬ್ಬ ಅದೂ ಇಲ್ಲ. ಒಬ್ಬನಂತೂ, "ಈ ವಯಸ್ಸಲ್ಲಿ ಯಾಕೆ ತಾತ, ಆರಾಮಾಗಿರಿ" ಅಂತ ಉಪದೇಶ ಬೇರೆ ಕೊಟ್ಟ. ಕೆಲಸ ಕೊಡದಿದ್ದರೆ ಬೇಡ, ಬುದ್ಧಿ ಹೇಳುವ ಉಸಾಬರಿ ಇವರಿಗ್ಯಾಕೆ?

ಅಲ್ಲಿಂದ ಮಾಸ್ಟ್ರು ನಡುಮನೆಯ ಬೆತ್ತದ ಕುರ್ಚಿ ಹಿಡಿದರು. ಗೋಡೆಗೆ ಮುಖ, ಬಾಗಿಲಿಗೆ ಬೆನ್ನು. ಗಡ್ಡ ಬೆಳೆಯಿತು. ಕರೆದರೆ ಹೂಂ ಅನ್ನುತ್ತಿದ್ದರು, ಇಟ್ಟರೆ ತಿನ್ನುತ್ತಿದ್ದರು. ಪಕ್ಕದ ಬೀದಿಯಲ್ಲಿ ಕಾಜಕ್ಕನ ತಂಗಿಯ ಮನೆ. ಯಾವುದೋ ಆಫೀಸಿನಲ್ಲಿ ಟೈಪಿಸ್ಟ್ ಆಗಿ ನಿವೃತ್ತಿಯಾದ ಹೆಂಗಸು, ಗಂಡ ಇಲ್ಲ, ನಾಲಿಗೆಗೆ ಮೂಳೆ ಇಲ್ಲ. ಟೈಪಿಸ್ಟಮ್ಮ ಅಂದರೆ ಬೀದಿಗೇ ಗೊತ್ತು. ಕಾಜಕ್ಕ ಅವರನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, "ಇವರು ಹಿಂಗೇ ಕೂತ್ರೆ ನನ್ನ ಬಿಟ್ಟು ಹೋಗ್ತಾರೆ ಕಣೇ" ಅಂತ ಅತ್ತರು. ಜೀವನದಲ್ಲಿ ಯಾವುದಕ್ಕೂ ಹೆದರದಿದ್ದ ಹೆಂಗಸು ಆ ಕುರ್ಚಿಗೆ ಹೆದರಿದರು.

ಆದರೆ ಬಿದ್ದದ್ದು ಕಾಜಕ್ಕ. ಅದೇ ಅಡುಗೆಮನೆಯಲ್ಲಿ ಒಂದು ಬೆಳಗ್ಗೆ ಕುಸಿದು ಕೂತವರು ಏಳಲಿಲ್ಲ. ಲಕ್ವ. ಬಲಗಡೆ ಪೂರ್ತಿ ಹೋಯಿತು. ಮಾತು ಹೇಗೋ ಉಳಿಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಒಂದು ದಿನ, ತಂಗಿ ತೊಡಿಸಿ ಹೋಗಿದ್ದ ಮಾಸ್ಟ್ರ ಹಳೇ ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡಿತು. ಕಾಜಕ್ಕ ಎಡಗೈಯಿಂದ ಅದನ್ನು ಕಾಜಾದೊಳಗೆ ತೂರಿಸಲು ನೋಡಿದರು. ಆಗಲಿಲ್ಲ. ಮತ್ತೆ ನೋಡಿದರು. ಆಮೇಲೆ ಆ ಗುಂಡಿಯನ್ನು ಹಿಡಿದುಕೊಂಡೇ ಬಿಕ್ಕಿ ಬಿಕ್ಕಿ ಅತ್ತರು. ಎಷ್ಟು ಕಾಜಾ ಹಾಕಿದ ಜೀವ ಅದು, ಹೇಳಿ. ಆ ಕಾಜಾ ಕೂಡ ಅವರೇ ಹಾಕಿದ್ದು.

ಮಾಸ್ಟ್ರು ಕುರ್ಚಿಯಿಂದ ತಿರುಗಿ ಇದನ್ನು ನೋಡಿದರು. ಎದ್ದರು. ಪೆಟ್ಟಿಗೆಯಿಂದ ಕತ್ತರಿ ತೆಗೆದರು, ಬೀರುವಿನಿಂದ ಒಂದು ಹತ್ತಿಯ ಹೊದಿಕೆ ಎಳೆದರು, ಊಟದ ಮೇಜಿನ ಮೇಲೆ ಹರಡಿ ಕತ್ತರಿಸಿದರು. ಸಂಜೆಯ ಹೊತ್ತಿಗೆ ಒಂದು ಅಂಗಿ ಆಯಿತು. ಭುಜದಲ್ಲಿ ತೆರೆಯುತ್ತದೆ, ಎರಡು ಪಕ್ಕದಲ್ಲೂ ತೆರೆಯುತ್ತದೆ, ಕೈ ಎತ್ತಬೇಕಾಗಿಲ್ಲ, ತಲೆ ತೂರಿಸಬೇಕಾಗಿಲ್ಲ. ಒತ್ತಿದರೆ ಟಿಕ್ ಅಂತ ಕೂರುವ ಗುಂಡಿ, ಕಾಜಾ ಇಲ್ಲವೇ ಇಲ್ಲ. ಕಾಜಕ್ಕ ಎಡಗೈ ಹೆಬ್ಬೆರಳಲ್ಲಿ ಒತ್ತಿದರು. ಟಿಕ್. "ನನ್ನ ಕೆಲಸಕ್ಕೇ ಕಲ್ಲು ಹಾಕಿದ್ರಲ್ಲ ರೀ" ಅಂತ ಸೊಟ್ಟ ಬಾಯಲ್ಲಿ ನಕ್ಕರು. ಎಷ್ಟೋ ದಿನದ ಮೇಲೆ ಮಾಸ್ಟ್ರೂ ನಕ್ಕರು.

ಆನ್‌ಲೈನ್ ಅಂಗಡಿಯ ಐಡಿಯಾ ಟೈಪಿಸ್ಟಮ್ಮನದು. "ಭಾವ, ಇಂಥದ್ದು ಬೇಕಾದೋರು ಎಷ್ಟು ಜನ ಇದಾರೋ. ಮಾರಣ." ಮನೆಯಿಂದಲೇ ವ್ಯಾಪಾರ ಅಂತ ಎಲ್ಲೋ ತರಗತಿ ನಡೆಯುತ್ತಿತ್ತು, ಇಬ್ಬರೂ ಹೋದರು. ಪಾಠ ಹೇಳುವವನು ಬಾಗಿಲಲ್ಲೇ, "ಯಾರನ್ನ ಕರ್ಕೊಂಡು ಹೋಗಕ್ಕೆ ಬಂದ್ರಿ ತಾತ?" ಅಂದ. ಟೈಪಿಸ್ಟಮ್ಮ ಬಿಡುತ್ತಾರೆಯೇ? "ಯಾರನ್ನೂ ಅಲ್ಲಪ್ಪ, ನಿನ್ನ ಕೆಲಸ ಕಿತ್ಕೊಳ್ಳಕ್ಕೆ ಬಂದಿದೀವಿ" ಅಂದು ಮೊದಲನೇ ಸಾಲಿನಲ್ಲೇ ಹೋಗಿ ಕೂತರು. ಹಿಂದಿನಿಂದ ಕಿಸಕಿಸ ನಗು ಬಂತು. ಪೇಜಿಗೆ ಯಾರಾದರೂ ಚಿಕ್ಕ ವಯಸ್ಸಿನವರ ಫೋಟೋ ಹಾಕಿ, ಮುದುಕರ ಮುಖ ಕಂಡರೆ ಜನ ಬೆರಳಲ್ಲಿ ಮುಂದಕ್ಕೆ ತಳ್ಳುತ್ತಾರೆ ಅಂತ ಅವನು ಕಿವಿಮಾತು ಹೇಳಿದ. ಇವರು ಮನೆಗೆ ಬಂದು ಕಾಜಕ್ಕನಿಗೆ ತಲೆ ಬಾಚಿ, ಹೊಸ ಅಂಗಿ ತೊಡಿಸಿ, ದಿಂಬಿಗೆ ಒರಗಿಸಿ ಫೋಟೋ ತೆಗೆದರು. ಅಂಗಡಿಯ ಹೆಸರೇ 'ಕಾಜಕ್ಕನ ಅಂಗಿ' ಆಯಿತು.

ಮೊದಮೊದಲು ಒಂದೊಂದು ಆರ್ಡರ್. ಆಮೇಲೆ ಎಲ್ಲೆಲ್ಲಿಂದಲೋ ಬರತೊಡಗಿತು. ತಾಯಿಗೆ, ಅತ್ತೆಗೆ, ಅಪಘಾತದಲ್ಲಿ ಕೈ ಮುರಿದುಕೊಂಡ ತಮ್ಮನಿಗೆ. ನಡುಮನೆಯಲ್ಲಿ ಮಿಷನ್ನು ಕೂತಿತು, ಬೆತ್ತದ ಕುರ್ಚಿ ಗೋಡೆ ಬಿಟ್ಟು ಮಿಷನ್ನಿನ ಮುಂದಕ್ಕೆ ಬಂತು. ಮಾಸ್ಟ್ರು ದಿನಾ ಗಡ್ಡ ಕೆರೆದುಕೊಂಡರು, ಕೆಲಸ ಮಾಡುತ್ತ ಗುನುಗಿದರು. ಒಳಕೋಣೆಯ ಮಂಚದಿಂದ ಕಾಜಕ್ಕ ಆ ಗುನುಗು ಕೇಳುತ್ತ ಮಲಗಿರುತ್ತಿದ್ದರು.

ಹೊಸ ನಮೂನೆ ಯಾವುದೇ ಆದರೂ ಮೊದಲು ತೊಡುವುದು ಅವರೇ. ಮಾಸ್ಟ್ರು ಮಂಚದ ಪಕ್ಕ ನಿಂತು ಕೇಳುತ್ತಿದ್ದರು, "ಹೆಂಗಿದೆ?"

"ಹೂವಿನ ಹಾಗಿದೆ."

"ಎಲ್ಲೂ ಹಿಡಿಯಲ್ಲ ತಾನೇ?"

"ಇಲ್ಲಾ ಅಂದ್ನಲ್ಲ. ಹೋಗಿ, ಗಿರಾಕಿ ಕಾಯ್ತಿರ್ತಾರೆ."

ಅಂಗಿಯ ಬೆನ್ನನ್ನು ಎರಡು ತುಂಡಿನಲ್ಲಿ ಕತ್ತರಿಸಿ ನಡುವೆ ಹೊಲಿಗೆ ಹಾಕುತ್ತಿದ್ದರು ಮಾಸ್ಟ್ರು. ಆ ಹೊಲಿಗೆಯ ಎರಡೂ ಕಡೆ ಬಟ್ಟೆ ಬಿಡುತ್ತಿದ್ದರು, ಮಡಚಿ, ಅದರ ಮೇಲೆ ಮತ್ತೊಂದು ಸಲ ಹೊಲಿದು, ಗಟ್ಟಿಯಾಗಿ. ಕಾಜಕ್ಕನ ಅಂಗಿಗಂತೂ ಇನ್ನೂ ಧಾರಾಳ. "ನೀನು ಹುಷಾರಾಗಿ ಮೈ ತುಂಬ್ಕೊಂಡ್ರೆ ಬೇಕಲ್ಲ" ಅನ್ನುತ್ತಿದ್ದರು. ಕಾಜಕ್ಕ ದಿನೇ ದಿನೇ ಇಳಿದು ಹೋಗುತ್ತಿದ್ದರು. ಎಡಕ್ಕೆ ತಿರುಗಿಸಿ ಮಲಗಿಸಿ ಅಂತ ಆಗಾಗ ಕೇಳುವರು. ಕಿಟಕಿ ನೋಡಬೇಕಿರಬೇಕು ಅಂದುಕೊಂಡು ಮಾಸ್ಟ್ರು ತಿರುಗಿಸುವರು. ಮೈ ಒರೆಸುವುದು, ಬಟ್ಟೆ ಬದಲಾಯಿಸುವುದು ಮಾತ್ರ ತಂಗಿಯೇ ಬಂದು ಮಾಡಬೇಕು, ಬಾಗಿಲು ಹಾಕಿಕೊಂಡು. "ನಿಮ್ಮ ಕೈಯಲ್ಲಿ ಬೇಡ, ನಂಗೆ ನಾಚಿಕೆ" ಅಂದಿದ್ದರು. ಇಷ್ಟು ವರ್ಷದ ಮೇಲೆ ಅದೆಂಥ ನಾಚಿಕೆಯೋ ಅಂತ ಮಾಸ್ಟ್ರು ಛೇಡಿಸಿ ಸುಮ್ಮನಾಗಿದ್ದರು.

ಹೀಗಿರುವಾಗ ಒಂದು ಬೆಳಗ್ಗೆ ಫೋನು ಬಂತು. ಮಾಸ್ಟ್ರೇ ಎತ್ತಿದರು. ಅಪ್ಪನಿಗೆ ಅಂಗಿ ತರಿಸಿಕೊಂಡಿದ್ದ ಹೆಣ್ಣುಮಗಳು.

"ಈ ಅಂಗಿ ಹೊಲಿದಿದ್ದು ಯಾರು?"

"ನಾನೇ ತಾಯಿ."

"ಒಳಗೆ ಅದೇನು ಹಾಗೆ ಹಗ್ಗದ ಥರ ದಪ್ಪ ಮಾಡಿಟ್ಟಿದೀರಿ? ನಮ್ಮಪ್ಪನ ಬೆನ್ನೆಲ್ಲ ಕೆಂಪಗಾಗಿ ಸುಲಿದು ಹೋಗಿದೆ. ಹಾಸಿಗೆ ಹಿಡಿದೋರಿಗೆ ಅಂತ ಮಾರ್ತೀರಲ್ಲ, ಅವರು ಅದರ ಮೇಲೇ ಇಡೀ ದಿನ ಮಲಗಿರ್ತಾರೆ ಅನ್ನೋದು ಗೊತ್ತಾಗಲ್ವಾ?"

ಮಾಸ್ಟ್ರು ಮಿಷನ್ನಿನ ಮೇಲಿದ್ದ ಅಂಗಿಯನ್ನು ಒಳಮಗ್ಗುಲಿಗೆ ತಿರುವಿ ಹೊಲಿಗೆಯ ಮೇಲೆ ಬೆರಳಾಡಿಸಿದರು. ನಲವತ್ತು ವರ್ಷ ಅವರು ಅಳತೆ ತೆಗೆದದ್ದೆಲ್ಲ ನಿಂತವರದು. ಕನ್ನಡಿಯ ಮುಂದೆ ನೆಟ್ಟಗೆ ನಿಂತು, ಭುಜ ನೋಡಿಕೊಂಡು, ತಿರುಗಿ ಬೆನ್ನು ನೋಡಿಕೊಂಡು ಹೋಗುವವರದು. ಮಲಗಿದವರ ಬೆನ್ನಿಗೆ ಹೊಲಿಗೆ ಏನು ಮಾಡುತ್ತದೆ ಅಂತ ಅವರು ಒಂದು ದಿನವೂ ಯೋಚಿಸಿರಲಿಲ್ಲ. ಫೋನನ್ನು ಮೇಜಿನ ಮೇಲೆ ಇಟ್ಟರು, ಅತ್ತ ಕಡೆ ಆ ಹೆಣ್ಣುಮಗಳು ಇನ್ನೂ ಮಾತಾಡುತ್ತಿದ್ದಳು. ಒಳಕೋಣೆಗೆ ಹೋದರು.

"ಒಂಚೂರು ತಿರುಗು."

"ಯಾಕೆ? ಈಗ ಬೇಡ" ಅಂದರು ಕಾಜಕ್ಕ.

ಮಾಸ್ಟ್ರು ಕೇಳಲಿಲ್ಲ. ಪಕ್ಕದ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದರು. ಟಿಕ್, ಟಿಕ್ ಅಂತ ಅವು ಬಿಡುತ್ತ ಹೋದವು. ಬೆನ್ನ ನಡುವೆ ಹೊಲಿಗೆ ಇದ್ದಷ್ಟು ಉದ್ದಕ್ಕೂ ಒಂದು ಗೆರೆ ಬಿದ್ದಿತ್ತು. ಕೆಳಗೆ ಸೊಂಟದ ಹತ್ತಿರ ತಂಗಿ ಹತ್ತಿ ಇಟ್ಟು ಪಟ್ಟಿ ಅಂಟಿಸಿದ್ದರು. ಪಟ್ಟಿ ಎತ್ತಿದರೆ ಅಡಿಯಲ್ಲಿ ಕೀವು ತುಂಬಿದ ಹುಣ್ಣು. ಮಾಸ್ಟ್ರು ಪಟ್ಟಿಯನ್ನು ಮೆಲ್ಲಗೆ ಮತ್ತೆ ಮುಚ್ಚಿದರು.

"ಯಾಕೆ ಹೇಳ್ಲಿಲ್ಲ ನೀನು? ದಿನಾ ಕೇಳ್ತಿದ್ನಲ್ಲೇ."

ಕಾಜಕ್ಕ ಗೋಡೆಯ ಕಡೆ ಮುಖ ಮಾಡಿದ್ದರು. "ಹೇಳಿದ್ರೆ ನೀವು ಮತ್ತೆ ಆ ಕುರ್ಚೀಲಿ ಹೋಗಿ ಕೂರ್ತಿದ್ರಿ" ಅಂದರು.

ಆಸ್ಪತ್ರೆಗೆ ಸೇರಿಸಿದರು. ಗಾಯ ಒಳಗೆ ಇಳಿದಿತ್ತು, ಸಕ್ಕರೆ ಕಾಯಿಲೆ ಬೇರೆ, ಕೀವು ರಕ್ತಕ್ಕೆ ಸೇರಿತ್ತು. ಡಾಕ್ಟರು ಕಾಗದದಿಂದ ತಲೆ ಎತ್ತದೆ, "ವಯಸ್ಸಾಯ್ತಲ್ಲ, ಇನ್ನೆಷ್ಟು ಅಂತ ತಡೀತಾರೆ" ಅಂದರು. ಕಾಜಕ್ಕ ಅಲ್ಲಿಂದ ಮನೆಗೆ ಬರಲಿಲ್ಲ. ಕೊನೆಯ ದಿನಗಳಲ್ಲಿ ಪ್ರಜ್ಞೆ ಬಂದು ಹೋಗಿ ಮಾಡುತ್ತಿತ್ತು. ಬಂದಾಗ ಒಮ್ಮೆ, "ಆರ್ಡರ್ ಕಳಿಸಿದ್ರಾ?" ಅಂತ ಕೇಳಿದರು. ಕಳಿಸಿದೆ ಅಂತ ಮಾಸ್ಟ್ರು ಸುಳ್ಳು ಹೇಳಿದರು.

ಮನೆ ತುಂಬ ಜನ ಬಂದರು. ಬಂದವರೆಲ್ಲರ ಬಾಯಲ್ಲೂ ಒಂದೇ ಮಾತು. "ವಯಸ್ಸಾಗಿತ್ತಲ್ಲ ಮಾಸ್ಟ್ರೇ, ಸಮಾಧಾನ ಮಾಡ್ಕೊಳಿ." ಹಳೇ ಮಾಲೀಕರ ಮಗನೂ ಬಂದು ಕೈ ಹಿಡಿದು ಅದನ್ನೇ ಅಂದ. ಯಾವ ಮಾತು ಅವರ ಅನ್ನ ಕಿತ್ತುಕೊಂಡಿತ್ತೋ ಅದೇ ಮಾತು ಈಗ ಸಮಾಧಾನ ಹೇಳಲು ಬಂದಿತ್ತು. ಹೂಂ ಅಂದುಬಿಟ್ಟಿದ್ದರೆ ಸಾಕಿತ್ತು, ಎದೆಯ ಭಾರ ಅರ್ಧ ಇಳಿಯುತ್ತಿತ್ತು. ಮಾಸ್ಟ್ರು ಅನ್ನಲಿಲ್ಲ. "ವಯಸ್ಸಲ್ಲ, ಹೊಲಿಗೆ" ಅಂದರು. ದುಃಖದಲ್ಲಿ ಏನೋ ಬಡಬಡಿಸುತ್ತಾರೆ ಅಂದುಕೊಂಡು ಜನ ಎದ್ದು ಹೋದರು.

ಎಲ್ಲರೂ ಹೋದ ಮೇಲೆ ಟೈಪಿಸ್ಟಮ್ಮ ಒಬ್ಬರೇ ಉಳಿದರು.

"ನಿಂಗೆ ಗೊತ್ತಿತ್ತು" ಅಂದರು ಮಾಸ್ಟ್ರು.

"ಗೊತ್ತಿತ್ತು ಭಾವ. ನನ್ನ ಹತ್ರ ಮಾತು ತಗೊಂಡಿದ್ಲು. ಹಳೇ ಅಂಗಿ ಹಾಕ್ತೀನಿ ಕಣಕ್ಕ ಅಂದ್ರೆ, ಬೇಡ, ಅವರು ನೋಡ್ತಾರೆ ಅಂತಿದ್ಲು. ಮುಲಾಮು ಹಚ್ಚಿದ್ರೆ ವಾಸಿ ಆಗತ್ತೆ ಅಂದ್ಕೊಂಡೆ. ನನ್ನ ಬಾಯಿಗೆ ಅವತ್ತೇ ಯಾಕೆ ಬೀಗ ಬಿತ್ತೋ." ಇಡೀ ಬೀದಿಯನ್ನು ಮಾತಲ್ಲಿ ಗೆಲ್ಲುವ ಹೆಂಗಸು ಚಿಕ್ಕ ಮಗುವಿನ ಹಾಗೆ ಅಂಗೈಯಲ್ಲಿ ಮೂಗು ಒರೆಸಿಕೊಂಡು ಅತ್ತರು. ಮಾಸ್ಟ್ರು ಬೈಯಲಿಲ್ಲ. ಬೈಯಲು ಯಾವ ಮುಖ ಇದೆ ಅವರಿಗೆ?

ಕುರ್ಚಿ ಮತ್ತೆ ಗೋಡೆಗೆ ತಿರುಗಿತು. ಟೈಪಿಸ್ಟಮ್ಮ ಬಂದು ಊಟ ಇಟ್ಟು ಹೋಗುತ್ತಿದ್ದರು, ಪೇಜು ಮುಚ್ಚಿಬಿಡೋಣ ಅನ್ನುವ ಮಾತೂ ಬಂತು. ಅಷ್ಟರಲ್ಲಿ ಆ ಹೆಣ್ಣುಮಗಳು ಮತ್ತೆ ಫೋನು ಮಾಡಿದಳು. ಈ ಸಲ ದನಿ ಮೆತ್ತಗಿತ್ತು. "ಅವತ್ತು ಸಿಟ್ಟಲ್ಲಿ ಅಂದುಬಿಟ್ಟೆ. ಅಪ್ಪನ ಬೆನ್ನು ವಾಸಿ ಆಗ್ತಿದೆ. ಬೇರೆ ಅಂಗಿ ಹಾಕಕ್ಕೆ ಹೋದ್ರೆ ಕೈ ಎತ್ತಕ್ಕಾಗದೆ ನರಳ್ತಾರೆ. ಆ ಹೊಲಿಗೆ ಒಂದು ಸರಿ ಮಾಡಿ ಹೊಲ್ಕೊಡ್ತೀರಾ?"

ಆಗ ಮಾಸ್ಟ್ರು ಎದ್ದರು. ಬೆನ್ನನ್ನು ಒಂದೇ ತುಂಡಿನಲ್ಲಿ ಕತ್ತರಿಸಿದರು. ಪಕ್ಕದ, ಭುಜದ ಹೊಲಿಗೆಗಳನ್ನೆಲ್ಲ ಹೊರಮಗ್ಗುಲಿಗೆ ತಂದರು. ಒಳಗೆ ಒಂದು ಎಳೆಯಷ್ಟೂ ಬಟ್ಟೆ ಬಿಡಲಿಲ್ಲ. ಹೊಲಿದು ಮುಗಿಸಿ, ತಮ್ಮ ಅಂಗಿ ಬಿಚ್ಚಿ ಅದನ್ನು ತೊಟ್ಟುಕೊಂಡು, ಕಾಜಕ್ಕನ ಮಂಚದ ಮೇಲೆ ಮಧ್ಯಾಹ್ನವೆಲ್ಲ ಅಂಗಾತ ಮಲಗಿದರು. ಆಮೇಲೆ ಒಗೆದು, ಇಸ್ತ್ರಿ ಹಾಕಿ ಕಳಿಸಿದರು. ಮುಂದೆ ಹೊಲಿದದ್ದೆಲ್ಲ ಹಾಗೇ.

ಸ್ವಲ್ಪ ದಿನಕ್ಕೆ ಪೇಜಿನಲ್ಲಿ ಯಾರೋ ಒಬ್ಬ ಅಂಗಿಯ ಫೋಟೋ ಹಾಕಿ ಕೆಳಗೆ ಬರೆದ. "ವಯಸ್ಸಾದವರ ಕೈಲಿ ಹೊಲಿಸಿದರೆ ಹೀಗೇ. ಹೊಲಿಗೆಯೆಲ್ಲ ಹೊರಗಡೆ, ಉಲ್ಟಾ ಹೊಲಿದಿದ್ದಾರೆ. ಕಣ್ಣು ಕಾಣಿಸಲ್ಲ ಪಾಪ." ಅದರ ಕೆಳಗೆ ನಗುವ ಮುಖಗಳ ಸಾಲು. ಓದಿ ಹೇಳುತ್ತಿದ್ದ ಟೈಪಿಸ್ಟಮ್ಮನಿಗೆ ಮೈಯೆಲ್ಲ ಉರಿದು ಹೋಯಿತು. "ಇವನಿಗೆ ಸರಿಯಾಗಿ ಉಗೀತೀನಿ ತಾಳಿ" ಅಂತ ಬೆರಳು ಮಸೆದರು.

"ಬೈಬೇಡ" ಅಂದರು ಮಾಸ್ಟ್ರು. ಮಿಷನ್ನು ನಿಲ್ಲಿಸಿದರು. "ನಾ ಹೇಳಿದಂಗೆ ಹಾಕು. ಉಲ್ಟಾ ಅಲ್ಲ, ಹೊಲಿಗೆ ಹೊರಗಿದ್ರೆ ಬೆನ್ನಿಗೆ ಒತ್ತಲ್ಲ. ಹಾಗೇ ತೊಡಿಸಿ. ತೊಡಿಸಿದ ಮೇಲೆ ಹೆಂಗಿದೆ ಅಂತ ಅವರನ್ನ ಕೇಳ್ಬೇಡಿ. ತಿರುಗಿಸಿ ಬೆನ್ನು ನೋಡಿ."

ಟೈಪಿಸ್ಟಮ್ಮನ ಬೆರಳು ಅರ್ಧಕ್ಕೇ ನಿಂತಿತು. ಕೇಳಿಸಲಿಲ್ಲವೇನೋ ಅಂದುಕೊಂಡು ಮಾಸ್ಟ್ರು ಕೊನೆಯ ಮಾತನ್ನು ಇನ್ನೊಂದು ಸಲ ಹೇಳಿದರು.