ತೊಂಬತ್ತೊಂದು ಹಪ್ಪಳ

ಎಪ್ಪತ್ತರ ದಶಕದ ಕೊನೆಗೆ ನಾನು ಕಾಣಿಯೂರಿನ ಕಡೆ ಏಳನೇ ತರಗತಿಗೆ ಲೆಕ್ಕ ಕಲಿಸುತ್ತಿದ್ದೆ. ಹೊಸ ಮಾಷ್ಟ್ರು, ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುವ ವಯಸ್ಸು. ನನಗೆ ತುಂಬ ಇಷ್ಟದ ಪಾಠ ಸಂಖ್ಯೆಗಳ ವಿಂಗಡಣೆ. ಆರನ್ನು, ಅದನ್ನೇ ಬಿಟ್ಟರೆ, ಒಂದು, ಎರಡು, ಮೂರು ಭಾಗಿಸುತ್ತವೆ. ಆ ಮೂರನ್ನೂ ಕೂಡಿಸಿದರೆ ಮತ್ತೆ ಆರೇ. ಅದು ಪರಿಪೂರ್ಣ ಸಂಖ್ಯೆ. ಎಂಟರ ಭಾಜಕಗಳನ್ನು ಹೀಗೆ ಕೂಡಿಸಿದರೆ ಏಳು, ಒಂದು ಕೊರತೆ. ಹನ್ನೆರಡರದ್ದು ಹದಿನಾರಾಗಿ ಮಿಕ್ಕಿಹೋಗುತ್ತದೆ. ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾರಿಗೂ ಬಗ್ಗದ್ದು ಅವಿಭಾಜ್ಯ. ಮಕ್ಕಳು ಬಾಯಿ ಬಿಟ್ಟು ಕೇಳುತ್ತಿದ್ದರು, ನಾನು ಇನ್ನಷ್ಟು ಉಬ್ಬುತ್ತಿದ್ದೆ.

ಅದು ಮಾರ್ಚ್ ತಿಂಗಳು. ನೂರರೊಳಗಿನ ಅವಿಭಾಜ್ಯಗಳನ್ನು ಕರಿಹಲಗೆಯಲ್ಲಿ ಬರೆಯುತ್ತ ಎಂಬತ್ತೊಂಬತ್ತರ ಪಕ್ಕ ತೊಂಬತ್ತೊಂದನ್ನೂ ಬರೆದೆ. ಎರಡು, ಮೂರು, ಐದರಿಂದ ಭಾಗವಾಗುವುದಿಲ್ಲ, ಏಳರ ಮಗ್ಗಿ ಎಪ್ಪತ್ತಕ್ಕೇ ಮುಗಿಯುತ್ತದೆ. ಇನ್ನೇನು ಎಂದು ನನ್ನ ಧೈರ್ಯ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಸರ್, ತೊಂಬತ್ತೊಂದು ಭಾಗ ಆಗ್ತದೆ. ನಮ್ಮ ಅಮ್ಮ ಚಾಪೆಯಲ್ಲಿ ಹಲಸಿನ ಹಪ್ಪಳ ಒಣಗಿಸುದು ಏಳು ಸಾಲು, ಸಾಲಿಗೆ ಹದಿಮೂರು. ಒಂದು ಚಾಪೆಗೆ ತೊಂಬತ್ತೊಂದು ಅಂತ ಅಮ್ಮ ಹೇಳುದು."

"ನಿನ್ನ ಅಮ್ಮ ಎಷ್ಟನೇ ಕ್ಲಾಸು ಓದಿದ್ದು?" ಎಂದು ಕೇಳಿದೆ.

"ಶಾಲೆಗೆ ಹೋಗ್ಲಿಲ್ಲ ಸರ್."

"ಹಾಗಾದ್ರೆ ಹಪ್ಪಳದ ಲೆಕ್ಕ ಮನೆಯಲ್ಲೇ ಇರ್ಲಿ. ಕೂತ್ಕೊ."

ತರಗತಿ ನಕ್ಕಿತು. ನಾನೂ ನಕ್ಕೆ.

ವಾರ ಕಳೆದು ಮಕ್ಕಳ ಪುಸ್ತಕ ತಿದ್ದಲು ಕುಳಿತೆ. ಆ ಹುಡುಗಿ ೯೧ರ ಮುಂದೆ ೭ × ೧೩ ಎಂದು ಬರೆದು, ಆಮೇಲೆ ಅದಕ್ಕೆ ಗೀಟು ಎಳೆದು, ಕೆಳಗೆ ಗುಂಡಗಿನ ಅಕ್ಷರದಲ್ಲಿ 'ಅವಿಭಾಜ್ಯ' ಎಂದು ಬರೆದಿದ್ದಳು. ನನ್ನ ಬಾಯಿ ತಾನಾಗಿಯೇ ಗುನುಗಿತು: ಹದಿಮೂರೇಳು ತೊಂಬತ್ತೊಂದು. ಚಿಕ್ಕಂದಿನಲ್ಲಿ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಒಪ್ಪಿಸುತ್ತಿದ್ದ ಮಗ್ಗಿ ಅದು. ಹಲಗೆಯ ತಪ್ಪನ್ನು ಒರೆಸಿಬಿಡಬಹುದಿತ್ತು. ಸರಿ ಗೊತ್ತಿದ್ದವಳು ನನ್ನ ಮಾತು ನಂಬಿ ಅದನ್ನು ಹೊಡೆದುಹಾಕಿದ್ದಳಲ್ಲ, ಅದಕ್ಕೆ ನನಗೆ ನಾಚಿಕೆಯಾಯಿತು. ಸುಳ್ಳು ಹೇಳಬಾರದು, ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂದೂ ಒಂದಷ್ಟು ಹೊತ್ತು ಯೋಚಿಸಿದೆ.

ಮರುದಿನ ಹಲಗೆಯಲ್ಲಿ ೭ × ೧೩ = ೯೧ ಎಂದು ದೊಡ್ಡದಾಗಿ ಬರೆದು, ತಪ್ಪು ನನ್ನದು, ಅವಳು ಹೇಳಿದ್ದೇ ಸರಿ ಎಂದೆ. ಈ ಸಲ ಯಾರೂ ನಗಲಿಲ್ಲ. ಹುಡುಗಿಗೆ ಖುಷಿಯಾದೀತು ಎಂದುಕೊಂಡಿದ್ದೆ. ಅವಳು ಎದ್ದು ನಿಂತು ನೆಲ ನೋಡಿದಳು.

"ಸರ್, ನಾನು ಅವತ್ತೇ ಅಮ್ಮನ ಹತ್ರ ಹೇಳಿದ್ದೆ, ಹಪ್ಪಳದ ಲೆಕ್ಕ ತಪ್ಪಂತೆ ಅಂತ. ಅಮ್ಮ ಚಾಪೆಯ ಹಪ್ಪಳ ಒಂದೊಂದೇ ಮೂರು ಸಲ ಎಣಿಸಿದ್ರು. ಮೂರು ಸಲವೂ ತೊಂಬತ್ತೊಂದೇ ಬಂತು. ಆದ್ರೂ, ಮಾಷ್ಟ್ರು ಹೇಳಿದ ಮೇಲೆ ಅದೇ ಸರಿ, ನನಗೆ ಎಣಿಸ್ಲಿಕ್ಕೇ ಬರುದಿಲ್ಲ ಅಂದ್ರು."

ಸಂಜೆ ಶಾಲೆ ಬಿಟ್ಟ ಮೇಲೆ ನಾನು ಅವಳ ಹಿಂದೆಯೇ ಆ ಮನೆಗೆ ನಡೆದೆ.