ಎಟುಕದ ನಟ್ಟು, ಗೌರಿ ಹಬ್ಬದ ಬಳೆ

ನನ್ನ ಕೈ ಇಷ್ಟು ದಪ್ಪಗಿದೆ ಎಂದು ನನಗೆ ಗೊತ್ತಾದದ್ದು ಪಿಕಪ್ ಕೊಂಡ ಮೇಲೆ. ಅದಕ್ಕೆ ಮೊದಲು ಊಟಕ್ಕೆ, ನಮಸ್ಕಾರಕ್ಕೆ, ಬೆನ್ನು ತುರಿಸಿಕೊಳ್ಳುವುದಕ್ಕೆ ಅದು ಚೆನ್ನಾಗಿಯೇ ಒದಗುತ್ತಿತ್ತು. ಬೆನ್ನಿನ ನಟ್ಟನಡುವಿನ ಒಂದು ಜಾಗ ಮಾತ್ರ ಎಟುಕುತ್ತಿರಲಿಲ್ಲ. ತುರಿಕೆ ಏಳುವುದೂ ಅಲ್ಲೇ. ಇಂಜಿನ್ನಿಗೂ ಅಂಥದೊಂದು ಜಾಗ ಇರುತ್ತದೆ, ಕೆಡುವುದೆಲ್ಲ ಅಲ್ಲೇ ಕೆಡುತ್ತದೆ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಬಾಳ್ಳುಪೇಟೆ ಹತ್ತಿರದ ನಮ್ಮ ತೋಟಕ್ಕೆ ಬಂದ ಆ ಹಳೆಯ ಪಿಕಪ್ಪು ಎತ್ತರದ ಆಸಾಮಿ. ತೋಟದ ದಾರಿಯ ಕಲ್ಲುಗುಂಡಿಗೆ ಆ ಎತ್ತರ ಬೇಕೇ ಬೇಕು. ಆದರೆ ಬಾನೆಟ್ ಎತ್ತಿದರೆ ನನ್ನಂಥ ಕುಳ್ಳನಿಗೆ ಕಾಣುತ್ತಿದ್ದದ್ದು ರೇಡಿಯೇಟರಿನ ಮುಚ್ಚಳ ಮಾತ್ರ. ಆಯಿಲ್ ನೋಡಬೇಕೆಂದರೂ ಟೈರು ಹತ್ತಿ, ಮಡ್‌ಗಾರ್ಡಿನ ಮೇಲೆ ಹೊಟ್ಟೆ ಹಾಕಿ, ಕಾಲು ಗಾಳಿಗೆ ಬಿಟ್ಟು ಮಲಗಬೇಕು. ಕೊನೆಗೆ ಮೆಣಸು ಕೊಯ್ಯುವ ಏಣಿಯನ್ನೇ ಬಂಪರಿಗೆ ಒರಗಿಸುವುದು ರೂಢಿಯಾಯಿತು. ದಾರಿಹೋಕರು ನಿಂತು, "ಏನ್ ಮಾರಾಯ, ಈ ಸಲ ಗಾಡಿಗೂ ಮೆಣಸು ಬುಟ್ಟೈತಾ?" ಎಂದು ಕೇಳುತ್ತಿದ್ದರು.

ಪುರಾಣದಲ್ಲಿ ಸಾವಿರ ಕೈಗಳ ರಾಜನೊಬ್ಬ ನದಿಯನ್ನೇ ತಡೆದು ನಿಲ್ಲಿಸಿದ್ದನಂತೆ. ನಮ್ಮ ಪಿಕಪ್ಪಿನ ಮುಂದೆ ಅವನೂ ಸಾವಿರ ಕೈ ಕಟ್ಟಿಕೊಂಡು ನಿಲ್ಲುತ್ತಿದ್ದ. ಡೀಸೆಲ್ ಫಿಲ್ಟರಿನ ಹಿಂದೆ, ಕ್ಯಾಬಿನ್ನಿನ ತಗಡಿಗೆ ಅಂಟಿದಂತಿದ್ದ ಪೈಪಿನ ನಟ್ಟಿಗೆ ಬೇಕಾದದ್ದು ಹೆಚ್ಚು ಕೈಯಲ್ಲ, ಸಣ್ಣ ಕೈ.

ಇದು ಅರ್ಥವಾದದ್ದು ಒಂದು ಗೌರಿ ಹಬ್ಬದ ಬೆಳಿಗ್ಗೆ. ಆಲೂರಿನಾಚೆ ಇರುವ ಹೆಂಡತಿಯ ತವರಿಗೆ ಬಾಗಿನ ಹಿಡಿದು ಹೊರಟಿದ್ದೆವು. ಅತ್ತೆಗೆ ಆ ವರ್ಷ ಕಣ್ಣು ಪೂರ್ತಿ ಹೋಗಿತ್ತು. ಮಗಳ ಬಾಗಿನ ಮುಟ್ಟುವವರೆಗೆ ಅವರು ಹನಿ ನೀರನ್ನೂ ಕುಡಿಯುತ್ತಿರಲಿಲ್ಲ. ನಾನೋ, ಹಿಂದಿನ ದಿನ ಉತ್ಸಾಹದಿಂದ ಸರ್ವಿಸ್ ಮಾಡಲು ಹೋಗಿ ಫಿಲ್ಟರು ಬದಲಾಯಿಸಿದ್ದೆ. ಆ ನಟ್ಟನ್ನು ಸ್ಪ್ಯಾನರಿನ ತುದಿಯಿಂದ ಹೇಗೋ ಬಿಚ್ಚಿದ್ದೆ. ಬಿಗಿಮಾಡಲು ಕೈ ಹೋಗಿರಲಿಲ್ಲ. ಗಾಡಿ ಗೇಟಿನವರೆಗೆ ಹೋಗಿ, ಪೈಪು ಗಾಳಿ ಎಳೆದುಕೊಂಡು ನಿಂತೇಬಿಟ್ಟಿತು. ಹಬ್ಬದ ದಿನ ಯಾವ ಮೆಕ್ಯಾನಿಕ್ ಸಿಗುತ್ತಾನೆ? ನನ್ನ ಕೈ ಹೆಬ್ಬೆರಳಿನ ಬುಡಕ್ಕೇ ಸಿಕ್ಕಿಕೊಳ್ಳುತ್ತಿತ್ತು.

"ಸರೀರಿ ಅತ್ಲಾಗೆ," ಎಂದಳು ನನ್ನ ಹೆಂಡತಿ ಸರೋಜ. "ಅವ್ವ ಹಸ್ಕಂಡು ಕಾಯ್ತಾ ಕೂತಿರ್ತಾಳೆ."

ಅವಳ ಎರಡೂ ಕೈ ತುಂಬ ಹಬ್ಬಕ್ಕೆಂದು ತೊಟ್ಟ ಹೊಸ ಹಸಿರು ಬಳೆ. ಅವುಗಳ ಸಮೇತ ಕೈ ಒಳಗೆ ಹೋಗುವಂತಿರಲಿಲ್ಲ. ಗೌರಿ ದಿನ ಮುತ್ತೈದೆ ಬಳೆ ತೆಗೆಯುವುದುಂಟೆ? ಮೆಟ್ಟಿಲ ಮೇಲೆ ನಿಂತಿದ್ದ ನನ್ನ ತಾಯಿಯ ಮುಖ ಸಣ್ಣಗಾಯಿತು. ಒಳಗೆ ಹೋಗಿ ಅರಿಶಿನದ ದಾರ ತಂದು, "ಬರಿಗೈಲಿ ಇರ್ಬಾರ್ದು ಕಣವ್ವ," ಎಂದು ಸೊಸೆಯ ಎರಡೂ ಮಣಿಕಟ್ಟಿಗೆ ಕಟ್ಟಿದರು. ಆಮೇಲೆ ಬಳೆ ಕಳಚಿ, ಸೀರೆಯ ಸೆರಗು ಸಿಕ್ಕಿಸಿ, ಸರೋಜ ಏಣಿ ಹತ್ತಿದಳು. ಬಳೆಗಾರನಿಗೆ ಕೈ ಕೊಡುವಾಗ ಮಾಡುವಂತೆ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ ತೂರಿಸಿದಳು. ಕೈ ಹೋಗಿಯೇ ಹೋಯಿತು. ಒಂದು ಕೈ ಪೈಪು ಹಿಡಿಯಿತು, ಇನ್ನೊಂದು ನಟ್ಟು ಬಿಗಿಮಾಡಿತು. ನಾನು ಕೆಳಗೆ ಏಣಿ ಹಿಡಿದು ನಿಂತಿದ್ದೆ. ಆ ಗಾಡಿಗೆ ನಾನು ಮಾಡಿದ ಅತ್ಯುತ್ತಮ ಸರ್ವಿಸ್ ಅದೇ.

ಗಾಡಿ ಹೊರಟಿತು. ಆದರೆ ತರಚಿದ ಗೆಣ್ಣು ಊದಿಕೊಂಡು ಬಳೆ ಮತ್ತೆ ಏರಲಿಲ್ಲ. ಅವು ಕರ್ಚೀಫಿನಲ್ಲಿ, ಅವಳ ಮಡಿಲಲ್ಲಿ ಕೂತು ಬಂದವು.

ಮಧ್ಯಾಹ್ನ ದಾಟಿತ್ತು. ಅತ್ತೆ ಜಗಲಿಯಲ್ಲೇ ಕೂತಿದ್ದರು. ನಾನು ಇಳಿಜಾರಿನಲ್ಲಿ ಚಕ್ರಕ್ಕೆ ಕಲ್ಲು ಕೊಡುತ್ತಿದ್ದೆ. ಅವರು ಮಗಳ ಕೈ ಹಿಡಿದು ಸವರಿದರು. ಬೆರಳು ಮಣಿಕಟ್ಟಿನ ಹತ್ತಿರ ನಿಂತುಹೋಯಿತು.

"ಸರೋಜಾ, ಬಳೆ ಎಲ್ಲವ್ವಾ? ಅಳಿಯಂದ್ರು... ಅಳಿಯಂದ್ರು ಎಲ್ಲವ್ರೆ?"

ಆ ದನಿ ಕೇಳಿ ಕಲ್ಲನ್ನು ಅಲ್ಲೇ ಬಿಟ್ಟು ಓಡಿದೆ. "ಇಲ್ಲೇ ಇದೀನಿ ಅತ್ತೆ! ಗುಂಡುಕಲ್ಲಿನ ಹಂಗೆ ಇದೀನಿ!"

ನಾನು ಬದುಕಿದ್ದೇನೆ ಎಂಬ ಸುದ್ದಿ ಯಾರಿಗಾದರೂ ಅಷ್ಟು ಸಂತೋಷ ಕೊಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅತ್ತೆ ದಾರವನ್ನು ಮುಟ್ಟಿ, ಮಗಳ ಕೈಯನ್ನು ಮೂಗಿನ ಹತ್ತಿರ ತಂದುಕೊಂಡರು. ಅರಿಶಿನದ ಜೊತೆ ಡೀಸೆಲ್ ವಾಸನೆ. ಕಥೆಯೆಲ್ಲ ಕೇಳಿ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಬಾಗಿನ ಮುಟ್ಟುವ ಮೊದಲು ಕೊಬ್ಬರಿ ಎಣ್ಣೆ ಕೇಳಿದರು. ಮಗಳ ಹೆಬ್ಬೆರಳನ್ನು ಅಂಗೈಗೆ ಮಡಚಿ, ಊದಿದ ಗೆಣ್ಣನ್ನು ಮೆಲ್ಲಗೆ ಒತ್ತುತ್ತ, ಒಂದೂ ಒಡೆಯದಂತೆ ಬಳೆಗಳನ್ನೆಲ್ಲ ಏರಿಸಿದರು. ಬೆಳಿಗ್ಗೆ ಏಣಿಯ ಮೇಲೆ ನಾನು ಕಂಡ ಹೆಬ್ಬೆರಳಿನ ಆ ಮಡಿಕೆ ಎಲ್ಲಿಂದ ಬಂದದ್ದೆಂದು ಆಗ ತಿಳಿಯಿತು.

"ನಿಮ್ ಕೈನೂ ಕೊಡಿ," ಎಂದರು ನನಗೆ. ಅಂಗೈಯನ್ನು ತೂಗಿ ನೋಡಿ, "ಅಯ್ಯೋ, ಇದು ಎಲ್ಗೂ ತೂರಕ್ಕಿಲ್ಲ ಬುಡಿ. ಏಣಿ ಹಿಡ್ಕಳಕೆ ಸರಿಯಾಗೈತೆ," ಎಂದರು.

ಪಿಕಪ್ಪು ಮಾರಿ ಎಷ್ಟೋ ಕಾಲವಾಯಿತು. ಅಟ್ಟಕ್ಕೋ ಮೆಣಸಿನ ಬಳ್ಳಿಗೋ ಸರೋಜ ಏಣಿ ಹತ್ತಿದಾಗಲೆಲ್ಲ ನಾನು ಕೆಳಗೆ ಬಂದು ನಿಲ್ಲುತ್ತೇನೆ. ಮೇಲೆ ಬಳೆ ಸದ್ದಾಗುತ್ತಿರುತ್ತದೆ. ನಾನು ಏಣಿ ಬಿಡುವುದಿಲ್ಲ.