ನಾನು ಅಳಿಸಿದ ಗುಂಯ್ ಸದ್ದು

ಗಂಗೊಳ್ಳಿಯ ಗೋಪಾಲ ತಪ್ಪೊಪ್ಪಿಕೊಂಡಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಅವನ ವಿರುದ್ಧದ ಕ್ಯಾಸೆಟ್ ಸರಿಯಾಗಿದೆ ಎಂದು ತುಂಬಿದ ಸಭೆಯಲ್ಲಿ ಹೇಳಿದವನು ನಾನು.

ಮೊಬೈಲ್ ಇನ್ನೂ ನಮ್ಮ ಕಡೆ ಬಾರದ ಕಾಲ. ಕುಂದಾಪುರದಲ್ಲಿ ನನ್ನದೊಂದು ಕ್ಯಾಸೆಟ್ ಅಂಗಡಿ. ಹಳೆಯ ರೆಕಾರ್ಡಿಂಗ್‌ಗಳ ಗುಂಯ್ ಸದ್ದು ತೆಗೆದು ಚೊಕ್ಕ ಮಾಡುವುದರಲ್ಲಿ ನನಗೆ ಹೆಸರಿತ್ತು. ಊರಿನವರು ನನ್ನ ಕಿವಿಯನ್ನು ಹೊಗಳಿ ಅಟ್ಟಕ್ಕೇರಿಸಿದ್ದರು. ನಾನೂ ಹತ್ತಿ ಕುಳಿತಿದ್ದೆ.

ಒಬ್ಬ ದೋಣಿ ಮಾಲೀಕರ ಹೊಸ ಬಲೆಯನ್ನು ಯಾರೋ ಕೊಯ್ದುಹಾಕಿದ್ದರು. ಅವರಿಗೆ ಅನುಮಾನ ಗೋಪಾಲನ ಮೇಲೆ. ಅವನು ಬೇರೊಂದು ದೋಣಿಯ ತಾಂಡೇಲ, ದೋಣಿ ನಡೆಸುವ ಮುಖ್ಯಸ್ಥ. ಐಸ್ ಪ್ಲಾಂಟಿನ ಕೋಣೆಯಲ್ಲಿ ಅವನನ್ನು ಮಾತಿಗೆಳೆದು, ಗುಟ್ಟಾಗಿ ರೆಕಾರ್ಡ್ ಮಾಡಿ, ಕ್ಯಾಸೆಟ್ಟನ್ನು ನನ್ನ ಅಂಗಡಿಗೆ ತಂದರು. ಗೋಪಾಲನ ದನಿ ಸ್ಪಷ್ಟವಾಗಿತ್ತು: "ಬಲೆ ಕೊಯ್ದದ್ ನಾನೇ. ಎಂತ ಮಾಡ್ತ್ರಿ ಮಾಡಿ."

ನಾಲ್ಕು ಜನ ಸುತ್ತ ನಿಂತಿದ್ದರು. ನಾನು ಒಮ್ಮೆ ಕೇಳಿ, "ಒಂದೇ ಉಸಿರಿನ ಮಾತು, ಎಲ್ಲೂ ಕತ್ತರಿ ಬಿದ್ದಿಲ್ಲ" ಎಂದುಬಿಟ್ಟೆ. ಗತ್ತಿನಿಂದ, ಇನ್ನೊಮ್ಮೆ ಕೇಳುವ ಗೋಜಿಗೂ ಹೋಗದೆ.

ಮರುದಿನ, ಗಂಗೊಳ್ಳಿಯ ದೋಣಿ ಮಾಲೀಕರ ಸಭೆಯ ಮೈಕಿನಲ್ಲಿ ಚೆನ್ನಾಗಿ ಕೇಳಬೇಕೆಂದು ಅದನ್ನು ಚೊಕ್ಕ ಮಾಡಲು ಕುಳಿತೆ. ಕರೆಂಟಿನ ಯಂತ್ರಗಳಿರುವ ಕಡೆ ರೆಕಾರ್ಡ್ ಮಾಡಿದರೆ ಮಾತಿನ ಅಡಿಯಲ್ಲಿ ಒಂದು ಗುಂಯ್ ಸದ್ದು ಸೇರಿಕೊಳ್ಳುತ್ತದೆ. ಜನ ಮಾತು ನಿಲ್ಲಿಸಿದರೂ ಅದು ನಿಲ್ಲುವುದಿಲ್ಲ. ಎಳೆ ಕಡಿಯದೆ ಸಾಗುತ್ತದೆ. ಈ ಕ್ಯಾಸೆಟ್ಟಿನಲ್ಲಿ "ನಾನೇ" ಎಂಬ ಮಾತಿನ ಬೆನ್ನಿಗೇ ಆ ಸದ್ದು ಮುಗ್ಗರಿಸಿತು. ಹಿಂದೆ ತಿರುಗಿಸಿ ಕೇಳಿದೆ. ಮತ್ತೆ ಅಲ್ಲೇ. ಮೂರನೆಯ ಸಲವೂ ಅಲ್ಲೇ. ಅಲ್ಲಿದ್ದ ಏನನ್ನೋ ಯಾರೋ ತೆಗೆದಿದ್ದರು.

ಆಗಲೇ ಎದ್ದು ಹೋಗಿ ಹೇಳಬಹುದಿತ್ತು, ನಾನು ತಪ್ಪಿದೆ ಎಂದು. ಆದರೆ ಆ ನಾಲ್ವರ ಮುಖ... ನನ್ನ ಕಿವಿಯ ಹೆಸರು... ನಾನು ಗುಂಯ್ ಸದ್ದನ್ನು ಪೂರ್ತಿ ತೆಗೆದೆ. ಚೊಕ್ಕವಾದದ್ದನ್ನು ಮೂಲ ಕ್ಯಾಸೆಟ್ಟಿನ ಮೇಲೆಯೇ ತುಂಬಿಸಿದೆ. ಮುಗ್ಗರಿಸಿದ್ದಕ್ಕೆ ಗುರುತೇ ಉಳಿಯಲಿಲ್ಲ.

ಸಭೆಯಲ್ಲಿ ಕ್ಯಾಸೆಟ್ ಮುಗಿದ ಮೇಲೆ ಗೋಪಾಲ ಎದ್ದು ನಿಂತ. "ನಾ ಹೇಳಿದ್ದ್ ಹಾಂಗಲ್ಲ. ಬಲೆ ಕೊಯ್ದದ್ ನಾನೇ ಅಂದೇಳಿ ಊರೆಲ್ಲ ಹೇಳ್ಕಂಡ್ ಬತ್ರಿ, ಎಂತ ಮಾಡ್ತ್ರಿ ಮಾಡಿ ಅಂದದ್ದ್. ನಡು ಮಾತ್ ಕೊಯ್ದ್ರ್."

"ಅಂದೇಳಿ" ಎಂದರೆ "ಎಂದು ಹೇಳಿ". ನಮ್ಮ ಭಾಷೆಯಲ್ಲಿ ಇನ್ನೊಬ್ಬರು ಹೊರಿಸಿದ ಆರೋಪವನ್ನು ಮೊದಲು ಹೇಳಿ, ಅದು ಅವರ ಮಾತು ಎಂಬುದನ್ನು ಆಮೇಲೆ ಹೇಳುತ್ತೇವೆ. ಆ ಬಾಲ ಕಡಿದರೆ ಆರೋಪವೇ ಒಪ್ಪಿಗೆಯಾಗುತ್ತದೆ. ಸದ್ದು ಮುಗ್ಗರಿಸಿದ ಜಾಗಕ್ಕೂ ಅವನು ಹೇಳಿದ ಜಾಗಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

ಹಿರಿಯರೊಬ್ಬರು ನನ್ನತ್ತ ತಿರುಗಿ ಕೇಳಿದರು: "ಎಂತ, ಕ್ಯಾಸೆಟ್ ಸಮ ಇತ್ತಾ?"

"ಸಮ ಇತ್ತ್" ಎಂದೆ.

ಹೊರಗೆ ಬರುವಾಗ ಗೋಪಾಲ ಹತ್ತಿರ ಬಂದು ನನ್ನ ಕಿವಿಯತ್ತ ಬೊಟ್ಟು ಮಾಡಿ ಮೆಲ್ಲಗೆ ಕೇಳಿದ: "ನಿಮ್ ಕೆಮಿಗೂ ಕೇಣ್ಲಿಲ್ಯಾ?" ನಾನು ಚಪ್ಪಲಿ ಹುಡುಕುವವನಂತೆ ಬಗ್ಗಿದೆ. ಥೂ, ಆ ಬಗ್ಗಿದ್ದನ್ನು ನೆನೆದರೆ ಇವತ್ತಿಗೂ ಮೈ ಹಿಡಿಯಾಗುತ್ತದೆ.

ಅವನನ್ನು ಯಾವ ದೋಣಿಗೂ ಹತ್ತಿಸಲಿಲ್ಲ. ತಾಂಡೇಲನಾಗಿದ್ದವನು ಬೈಂದೂರಿಗೆ ಹೋಗಿ ಇತರರ ಹರಿದ ಬಲೆ ಹೊಲಿದು ಬದುಕಿದ.

ವರ್ಷಗಳು ಕಳೆದವು. ಈಚೆಗೆ ಪತ್ರಿಕೆಯಲ್ಲಿ ಓದಿದೆ: ಧ್ವನಿಮುದ್ರಣ ಅಸಲಿಯೋ ನಕಲಿಯೋ ಎಂದು ತಿಳಿಯಲು ತಜ್ಞರು ಈ ಕರೆಂಟಿನ ಸದ್ದನ್ನೇ ಸಾಕ್ಷಿಯಾಗಿ ನೋಡುತ್ತಾರಂತೆ. ನಾನು ಜೀವನವಿಡೀ ಕೊಳೆ ಎಂದು ಒರೆಸಿದ್ದು ಅದನ್ನೇ. ಪತ್ರಿಕೆ ಮಡಚಿಟ್ಟು ಬೈಂದೂರಿನ ಬಸ್ಸು ಹತ್ತಿದೆ.

ಗೋಪಾಲ ಬಲೆ ಹೊಲಿಯುತ್ತಿದ್ದ. ಎಲ್ಲವನ್ನೂ ಹೇಳಿದೆ. ಅವನು ಬೈಯಲಿಲ್ಲ, ಕೈ ನಿಲ್ಲಿಸಲೂ ಇಲ್ಲ.

"ನಂಗ್ ಹೇಳಿ ಎಂತ ಮಾಡುಕೆ? ನಾ ಹಾಂಗ್ ಹೇಳ್ಲಿಲ್ಲ ಅಂದೇಳಿ ನಂಗ್ ಗೊತ್ತಿತ್ತಲೆ. ಅವ್ರತ್ರ ಹೇಳಿ."

ಈ ಭಾನುವಾರ ಗಂಗೊಳ್ಳಿಯಲ್ಲಿ ದೋಣಿ ಮಾಲೀಕರ ಸಭೆಯಿದೆ. ಹೋಗುತ್ತೇನೆ. ತೋರಿಸಲು ಸಾಕ್ಷಿಯಿಲ್ಲ, ಅದನ್ನು ನಾನೇ ಅಳಿಸಿದೆ. ಬರೀ ಬಾಯಿಮಾತು ಉಳಿದಿದೆ. ನಾನು ಸುಳ್ಳು ಹೇಳಿದಾಗ ಅವರು ಒಂದೂ ಮರುಪ್ರಶ್ನೆ ಕೇಳದೆ ನಂಬಿದ್ದರು.